ಹರಳೆಣ್ಣೆ, ಚುಜ್ಜಲು, ಚೌಳು: ಹಾಲುರಾಮೇಶ್ವರ ಸೀಮೆಯ ಅಭ್ಯಂಜನದ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ, ಕುರುಚಲು ಗುಡ್ಡಗಳೂ ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಒಂದರ ಬೆನ್ನಿಗೊಂದು ಹರಡಿಕೊಂಡಿರುವ ಸೀಮೆಯ ನಡುವೆ, ಹಾಲುರಾಮೇಶ್ವರವೆಂಬ ಕ್ಷೇತ್ರವಿದೆ. ಅಲ್ಲಿಯ ಗಂಗೆಯ ಕೊಳದೆದುರು ಸಂಕಲ್ಪಮಾಡಿ ಕುಳಿತವರಿಗೆ ಬಾಳೆಯ ಹಣ್ಣೋ ಅಡಕೆಯೋ ತೆಂಗಿನಕಾಯಿಯೋ ನೀರೊಳಗಿನಿಂದ ಪ್ರಸಾದರೂಪವಾಗಿ ತೇಲಿಬರುವುದೆಂಬ ನಂಬಿಕೆ ಸುತ್ತಣ ಜನರಲ್ಲಿ ದೃಢವಾಗಿ ನೆಲೆಸಿದೆ; ಸಂತಾನಾಪೇಕ್ಷಿಗಳಾದ ದಂಪತಿಗಳು ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗಗಳಿಂದಲೂ ಇನ್ನೂ ದೂರದ ಊರುಗಳಿಂದಲೂ ಬಂದು ಆ ಕೊಳದ ಮೆಟ್ಟಿಲ ಬಳಿ ಕೈಮುಗಿದು ಕಾಯುತ್ತಾರೆ. ಹರಕೆ ಫಲಿಸಿ ಮನೆಯಲ್ಲಿ ತೊಟ್ಟಿಲು ಕಟ್ಟಿದ ಮೇಲೆ, ಆ ಕೂಸಿಗೆ ಮೊದಲು ದೊರೆಯುವ ಸಂಸ್ಕಾರವೆಂದರೆ ಎಣ್ಣೆ ತೀಡಿ ನೀರೆರೆಯುವುದು. ಯಾವ ಎಣ್ಣೆ, ಯಾವ ಹಿಟ್ಟು, ಯಾವ ಎಲೆಯ ಪುಡಿ, ಎಷ್ಟು ಬಿಸಿ ಎಂಬುದನ್ನು ಈ ಸೀಮೆಯ ಮನೆಗಳು ಎಷ್ಟೋ ತಲೆಮಾರುಗಳಿಂದ ನಿರ್ಣಯಿಸಿಕೊಂಡು ಬಂದಿವೆ. ಆ ನಿರ್ಣಯಗಳ ಹಿಂದೆ ಒಂದು ಚರಿತ್ರೆಯಿದೆ. ಅರಮನೆಗಳ, ಕದನಗಳ ಚರಿತ್ರೆಯನ್ನು ಬರೆದವರು ಇದನ್ನು ಬರೆಯುವ ಗೋಜಿಗೆ ಹೋಗಲಿಲ್ಲ.

ಮೊದಲು ಭೂಮಿಯ ಗುಣವನ್ನು ಹೇಳಬೇಕು. ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿ ಬಿದ್ದ ಈ ಜಿಲ್ಲೆಯ ಬಹುಭಾಗದಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗೆ ಮುಟ್ಟುವುದೇ ಕಷ್ಟ. ಅದೂ ನೆಚ್ಚಿಕೆಯಿಲ್ಲದ ಮಳೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯು ಹಿರಿಯೂರಿನ ಕೆಳಗಣ ಒಂದಿಷ್ಟು ಬಯಲಿಗೆ ಹಸುರನ್ನು ತಂದಿತಾದರೂ, ಅದರ ಆಚೆಗೆ ಸಂಕ್ರಾಂತಿ ಕಳೆದು ಮೂಡಣ ಗಾಳಿ ಬೀಸತೊಡಗಿದ ಮೇಲೆ ನೆಲದಂತೆಯೇ ಜನರ ಮೈಯೂ ಒಣಗುತ್ತದೆ. ಹಿಮ್ಮಡಿ ಸೀಳುತ್ತದೆ, ಮೊಳಕೈ ಬೆಳ್ಳಗಾಗುತ್ತದೆ, ತುಟಿ ಬಿರಿಯುತ್ತದೆ. ಹೊಲದಲ್ಲಿ ಕಳೆ ತೆಗೆಯುವವರ, ಕುರಿಯ ಹಿಂದೆ ಅಲೆಯುವವರ ಕಾಲುಗಳಲ್ಲಿ ಉಗುರಿನಿಂದ ಗೆರೆಯೆಳೆದರೆ ಬಿಳಿಯ ರೇಖೆ ಮೂಡಿ ನಿಲ್ಲುತ್ತದೆ. ಮಲೆನಾಡಿನವನು ಮೈಯನ್ನು ತೇವದಿಂದ ಕಾಪಾಡಿಕೊಳ್ಳಬೇಕಾದರೆ ಬಯಲುಸೀಮೆಯವನು ತೇವವನ್ನು ಮೈಯೊಳಗೆ ಹಿಡಿದಿಟ್ಟುಕೊಳ್ಳಬೇಕು. ಈ ಭೇದವನ್ನು ಮರೆತರೆ ಇಲ್ಲಿಯ ಪದ್ಧತಿಗಳ ಅರ್ಥ ಹೊಳೆಯದು.

ಚರ್ಮದ ಹೊರಗಣ ಪದರವು ನಿರ್ಜೀವ ಕಣಗಳನ್ನು ಇಟ್ಟಿಗೆಗಳಾಗಿಯೂ ಅವುಗಳ ನಡುವಣ ಸ್ನಿಗ್ಧದ್ರವ್ಯಗಳನ್ನು ಗಾರೆಯಾಗಿಯೂ ಉಳ್ಳ ಒಂದು ಗೋಡೆಯೆಂದು ಇಂದಿನ ಚರ್ಮಶಾಸ್ತ್ರಜ್ಞರು ಬಣ್ಣಿಸುತ್ತಾರೆ. ಗಾರೆ ಸಡಿಲವಾದರೆ ಒಳಗಿನ ನೀರು ಗಾಳಿಗೆ ಹಾರಿಹೋಗುತ್ತದೆ; ಹೊರಗಿನ ಧೂಳು, ಕ್ರಿಮಿ, ಕ್ಷಾರಗಳು ಒಳನುಗ್ಗುತ್ತವೆ. ಎಣ್ಣೆಯ ತೆಳುವಾದ ಲೇಪವೊಂದು ಈ ನೀರಿನ ಹರಿವನ್ನು ತಡೆಯುತ್ತದೆ. ಎಳ್ಳೆಣ್ಣೆಯಲ್ಲಿ ಹೇರಳವಾಗಿರುವ ಲಿನೋಲಿಕ್ ಆಮ್ಲದಂಥ ಕೆಲವು ಅಂಶಗಳು ಆ ಗಾರೆಯ ದುರಸ್ತಿಗೇ ಒದಗುತ್ತವೆ. ಆದುದರಿಂದ ಒಣಸೀಮೆಯಲ್ಲಿ ಅಭ್ಯಂಜನವು ಮೊದಲಿಗೆ ಒಂದು ಅಗತ್ಯವಾಗಿತ್ತು; ಅದಕ್ಕೆ ಹಬ್ಬದ ಉಡುಗೆಯನ್ನು ಜನರು ಅನಂತರ ತೊಡಿಸಿದರು. ಯುಗಾದಿಯ ಮುಂಜಾನೆಯೂ ನರಕಚತುರ್ದಶಿಯ ಎಣ್ಣೆಸ್ನಾನವೂ ವರ್ಷದ ಎರಡು ಒಣ ಕಾಲಗಳ ಹೊಸ್ತಿಲಲ್ಲಿಯೇ ಬಂದು ನಿಲ್ಲುತ್ತವೆ: ಒಂದು ಬೇಸಗೆಯ ಬಾಗಿಲಿನಲ್ಲಿ, ಮತ್ತೊಂದು ಚಳಿಗಾಲದ ಬಾಗಿಲಿನಲ್ಲಿ.

ಎಣ್ಣೆಯೆಂದ ಕೂಡಲೆ ಗಾಣದವರ ನೆನಪಾಗಬೇಕು. ಕಲ್ಯಾಣದ ಚಾಳುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ತೆಲ್ಲಿಗರ ಐವತ್ತೊಕ್ಕಲು ಎಂಬ ಸಂಘ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ; ದೇವರ ನಂದಾದೀಪಕ್ಕೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಅವರು ಬಿಟ್ಟ ದತ್ತಿಗಳು ಕಲ್ಲಿನ ಮೇಲೆ ನಿಂತಿವೆ. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಗಾಣದ ಕಣ್ಣಪ್ಪನೆಂಬ ವಚನಕಾರನು ತನ್ನ ಕಾಯಕದ ಹೆಸರಿನಿಂದಲೇ ಪ್ರಸಿದ್ಧನಾದನು. ಚಿತ್ರದುರ್ಗದ ಕೋಟೆಯನ್ನು ನೋಡಹೋದವರಿಗೆಲ್ಲ ಎಣ್ಣೆಕೊಳಗಳನ್ನು ತೋರಿಸುತ್ತಾರೆ. ಪಾಳೆಯಗಾರರ ಕಾಲದಲ್ಲಿ ಎಣ್ಣೆಯನ್ನು ಶೇಖರಿಸಿಡುತ್ತಿದ್ದ ಕಲ್ಲಿನ ತೊಟ್ಟಿಗಳವು. ದೀವಟಿಗೆಗೆ ಎಣ್ಣೆ, ಬಂಡಿಯ ಅಚ್ಚಿಗೆ ಎಣ್ಣೆ, ಗರಡಿಯ ಜಟ್ಟಿಗಳ ಮೈಗೆ ಎಣ್ಣೆ. ಗರಡಿಯ ಕೆಮ್ಮಣ್ಣಿಗೂ ಎಣ್ಣೆ, ಮಜ್ಜಿಗೆ, ಅರಿಶಿನಗಳನ್ನು ಬೆರೆಸಿ ಹದಮಾಡುತ್ತಿದ್ದರೆಂಬುದನ್ನು ಬಲ್ಲವರು, ಸಾಮು ಮಾಡುವವನ ತರಚುಗಾಯಕ್ಕೆ ನೆಲವೇ ಮದ್ದಾಗಿರಬೇಕೆಂಬ ಎಣಿಕೆ ಅದರಲ್ಲಿದ್ದುದನ್ನು ಊಹಿಸಬಲ್ಲರು. ಇದೇ ಜಿಲ್ಲೆಯ ಚಳ್ಳಕೆರೆಯು ಇಪ್ಪತ್ತನೆಯ ಶತಮಾನದಲ್ಲಿ ಕಡಲೇಕಾಯಿಯ ಎಣ್ಣೆಯ ಗಿರಣಿಗಳಿಂದ ಎಣ್ಣೆಯ ನಗರವೆಂದು ಹೆಸರಾದುದು ಈ ಹಳೆಯ ಕಥೆಯ ಹೊಸ ಅಧ್ಯಾಯ. ಆದರೆ ಕಡಲೇಕಾಯಿಯ ಎಣ್ಣೆ ಬಾಣಲೆಗೆ ಹೋಯಿತೇ ಹೊರತು ಮೈಗೆ ಬರಲಿಲ್ಲ.

ಮೈಗೆ ಸಲ್ಲುತ್ತಿದ್ದುದು ಮುಖ್ಯವಾಗಿ ಹರಳೆಣ್ಣೆ. ಇದಕ್ಕೆ ಗಾಣವೂ ಬೇಕಿರಲಿಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸಂಚರಿಸಿ ಕೃಷಿ, ಕೈಗಾರಿಕೆ, ವ್ಯಾಪಾರಗಳನ್ನು ಪರಿಶೀಲಿಸಿದ ಫ್ರಾನ್ಸಿಸ್ ಬುಕಾನನನು ತನ್ನ ಪ್ರವಾಸಗ್ರಂಥದಲ್ಲಿ ಹರಳೆಣ್ಣೆಯನ್ನು ಕುದಿಸಿ ತೆಗೆಯುವ ಕ್ರಮವನ್ನು ವಿವರಿಸಿದ್ದಾನೆ. 1807ರಲ್ಲಿ ಅಚ್ಚಾದ ಆ ವಿವರಣೆಗೂ ನಮ್ಮ ಹಳ್ಳಿಗಳ ಮುದುಕಿಯರು ಹೇಳುವುದಕ್ಕೂ ಹೆಚ್ಚಿನ ಅಂತರವಿಲ್ಲ. ಹರಳನ್ನು ಮಣ್ಣಿನ ಓಡಿನಲ್ಲಿ ಹದವಾಗಿ ಹುರಿಯಬೇಕು. ಹೆಚ್ಚು ಹುರಿದರೆ ಎಣ್ಣೆ ಕಪ್ಪಾಗುತ್ತದೆ, ಕಡಮೆಯಾದರೆ ಎಣ್ಣೆ ಬಿಡುವುದಿಲ್ಲ. ಆರಿದ ಮೇಲೆ ಒರಳಿಗೆ ಹಾಕಿ, ಒನಕೆಗೆ ಅಂಟುವಷ್ಟು ನುಣ್ಣಗೆ ಕುಟ್ಟಿ, ಉಂಡೆಕಟ್ಟಿ, ದೊಡ್ಡ ಮಡಕೆಯ ನೀರಿನಲ್ಲಿ ಬಿಟ್ಟು, ಕೆಳಗೆ ನಿಧಾನವಾದ ಉರಿಯಿಟ್ಟು, ಕೈಬಿಡದೆ ತಿರುವುತ್ತ ಗಂಟೆಗಟ್ಟಲೆ ಕುದಿಸಬೇಕು. ಮೊದಲು ನೊರೆ ಬರುತ್ತದೆ. ಆಮೇಲೆ ಹಿಂಡಿ ತಳಕ್ಕಿಳಿದು ಎಣ್ಣೆ ಮೇಲೆ ಕೆನೆಗಟ್ಟುತ್ತದೆ. ಅದನ್ನು ಚಿಪ್ಪಿನಿಂದ ಮೆಲ್ಲನೆ ತೆಗೆದು ಬೇರೊಂದು ಪಾತ್ರೆಯಲ್ಲಿ ಮತ್ತೆ ಕಾಯಿಸುತ್ತಾರೆ. ಚಿಟಿಚಿಟಿ ಸದ್ದು ಪೂರ್ತಿಯಾಗಿ ಅಡಗುವವರೆಗೆ ಇಳಿಸುವುದಿಲ್ಲ, ಏಕೆಂದರೆ ಸದ್ದಿರುವವರೆಗೆ ನೀರಿದೆ, ನೀರಿದ್ದರೆ ಎಣ್ಣೆ ಕೆಡುತ್ತದೆ.

ಈ ಕುದಿಸುವಿಕೆಯ ಗುಟ್ಟು ರಸಾಯನಶಾಸ್ತ್ರಕ್ಕೆ ತಿಳಿದದ್ದು ತೀರ ಈಚೆಗೆ. ಹರಳುಬೀಜದಲ್ಲಿ ರಿಸಿನ್ ಎಂಬ ಘೋರವಾದ ವಿಷವಿದೆ. ಅದು ಪ್ರೋಟೀನು ಜಾತಿಯದಾದ್ದರಿಂದ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕುದಿದಾಗ ಶಕ್ತಿಗುಂದುತ್ತದೆ. ಎಣ್ಣೆಯಲ್ಲಿ ಉಳಿಯುವುದು ನೂರಕ್ಕೆ 85ರಿಂದ 90 ಪಾಲು ರಿಸಿನೋಲಿಕ್ ಆಮ್ಲದ ಸ್ನೇಹದ್ರವ್ಯ. ಸಸ್ಯತೈಲಗಳಲ್ಲೆಲ್ಲ ಇದು ಅಪರೂಪದ್ದು: ಇದರ ದೆಸೆಯಿಂದಲೇ ಹರಳೆಣ್ಣೆ ಇತರ ಎಣ್ಣೆಗಳಿಗಿಂತ ಎಷ್ಟೋ ಪಾಲು ಮಂದವಾಗಿದೆ, ಮೈಗೆ ಹತ್ತಿದರೆ ಬೇಗನೆ ಜಾರಿಹೋಗುವುದಿಲ್ಲ. ಬಿರಿದ ಹಿಮ್ಮಡಿಗೆ ರಾತ್ರಿ ಹರಳೆಣ್ಣೆ ಸವರಿ ಮಲಗುವ ಹೊಲದ ಹೆಂಗಸು ಇಂದಿನ ಔಷಧದಂಗಡಿಯ ಮುಲಾಮಿನ ತತ್ತ್ವವನ್ನೇ ಆಚರಿಸುತ್ತಿದ್ದಳು. ಹಿಪ್ಪೆಯ ಎಣ್ಣೆಯದೂ ಇದೇ ಬಗೆ. ಚಳಿಯಲ್ಲಿ ತುಪ್ಪದಂತೆ ಹೆಪ್ಪುಗಟ್ಟಿ, ಮೈಯ ಬಿಸುಪಿಗೆ ಕರಗುವ ಆ ಎಣ್ಣೆಗಾಗಿಯೇ ಬಯಲುನಾಡಿನ ಊರಾಚೆಯಲ್ಲಿ ಹಿಪ್ಪೆಯ ತೋಪುಗಳನ್ನು ಉಳಿಸಿಕೊಂಡಿದ್ದರು. ಕಜ್ಜಿತುರಿಗೆ ಹೊಂಗೆಯೆಣ್ಣೆ, ಅದು ದನಕ್ಕೂ ಆಯಿತು, ಮನುಷ್ಯನಿಗೂ ಆಯಿತು. ತೆಂಗಿನ ತೋಟಗಳು ದಟ್ಟವಾಗಿರುವ ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕೊಬ್ಬರಿಯೆಣ್ಣೆಯೂ ಸೇರಿತು. ಅದರ ಸುಮಾರು ಅರ್ಧಪಾಲು ಲಾರಿಕ್ ಆಮ್ಲವೆಂದೂ ಅದಕ್ಕೆ ಚರ್ಮದ ಮೇಲಣ ಕೆಲವು ಸೂಕ್ಷ್ಮಜೀವಿಗಳನ್ನು ಅಡಗಿಸುವ ಗುಣವುಂಟೆಂದೂ ಪ್ರಯೋಗಗಳಿಂದ ತಿಳಿದುಬಂದಿದೆ.

ಕೂಸಿಗೆ ಎರೆಯುವ ಕ್ರಮವನ್ನು ಸ್ವಲ್ಪ ಸಾವಧಾನದಿಂದ ನೋಡಬೇಕು, ಏಕೆಂದರೆ ಅಲ್ಲಿ ಈ ವಿದ್ಯೆಯೆಲ್ಲ ಒಂದೆಡೆ ಕೂಡಿದೆ. ಬಚ್ಚಲಿನಲ್ಲಿ ತಗ್ಗಾದ ಮಣೆಯ ಮೇಲೆ ಕಾಲು ನೀಡಿ ಕುಳಿತ ಹಿರಿಯಳೊಬ್ಬಳು, ಎರಡು ಮೊಣಕಾಲುಗಳ ನಡುವಣ ತಗ್ಗಿನಲ್ಲಿ ಕೂಸನ್ನು ಅಂಗಾತ ಮಲಗಿಸಿಕೊಂಡು, ಬೆಚ್ಚಗಿನ ಹರಳೆಣ್ಣೆಯನ್ನು ಮೊದಲು ನೆತ್ತಿಗೆ ಒತ್ತಿ, ಬಳಿಕ ಎದೆಯಿಂದ ತೋಳಿಗೂ ತೊಡೆಯಿಂದ ಪಾದಕ್ಕೂ ಒಂದೇ ದಿಕ್ಕಿನಲ್ಲಿ ನೀವುತ್ತಾಳೆ. ಕಂಕುಳು, ಕತ್ತಿನ ಮಡಿಕೆ, ತೊಡೆಯ ಸಂದುಗಳನ್ನು ಬೆರಳ ತುದಿಯಿಂದ ಬಿಡಿಸಿ ತೀಡುತ್ತಾಳೆ. ತಾಯಿಯ ಗರ್ಭದಿಂದ ಬಂದ ಬಿಳಿಯ ಜಿಡ್ಡು ಅಲ್ಲೆಲ್ಲಾದರೂ ಉಳಿದಿದ್ದರೆ ಅದನ್ನು ಉಜ್ಜಿ ತೆಗೆಯುವುದಿಲ್ಲ, ಎಣ್ಣೆಯಲ್ಲಿ ತಾನಾಗಿ ಕರಗಲು ಬಿಡುತ್ತಾಳೆ. ಆಮೇಲೆ ಹೆಸರುಹಿಟ್ಟು ಅಥವಾ ಕಡಲೆಹಿಟ್ಟು. ಹಿಟ್ಟು ಹೆಚ್ಚಿನ ಎಣ್ಣೆಯನ್ನಷ್ಟೇ ಹೀರುತ್ತದೆ. ಚರ್ಮಕ್ಕೆ ಬೇಕಾದಷ್ಟನ್ನು ಉಳಿಸುತ್ತದೆ. ನೀರಿನ ಬಿಸಿಯನ್ನು ಮೊಳಕೈಯದ್ದಿ ನೋಡಿಕೊಂಡು ಎರೆದು, ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಒರಸಿ, ಸಾಂಬ್ರಾಣಿಯ ಹೊಗೆ ತೋರಿಸುವಷ್ಟರಲ್ಲಿ ಅತ್ತೂ ಅತ್ತೂ ದಣಿದ ಕೂಸು ನಿದ್ದೆ ಹೋಗಿರುತ್ತದೆ. ಈ ಕ್ರಮದಲ್ಲಿ ಬಿಡಬೇಕಾದ ಒಂದೆರಡು ಸಂಗತಿಗಳೂ ಇವೆಯೆಂಬುದನ್ನು ಮುಚ್ಚಿಡಲಾಗದು: ಮೂಗಿಗೂ ಕಿವಿಗೂ ಎಣ್ಣೆ ಬಿಡುವುದನ್ನು ವೈದ್ಯರು ಒಪ್ಪುವುದಿಲ್ಲ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಹಸುಳೆಗೆ ಅಪಾಯವಾಗಬಹುದು, ಮುಚ್ಚಿದ ಕೋಣೆಯ ಹೊಗೆಯೂ ಹಿತವಲ್ಲ. ಆದರೆ ಎಣ್ಣೆ, ಹಿಟ್ಟು, ಹದವಾದ ನೀರು, ನುರಿತ ಕೈ ಈ ನಾಲ್ಕರ ಮೇಲೆ ನಿಂತ ಮುಖ್ಯ ಕಟ್ಟಡವು ದೃಢವಾದದ್ದೆಂದು ನಾನು ನಂಬುತ್ತೇನೆ.

ಈಗ ತೊಳೆಯುವ ದ್ರವ್ಯಗಳ ಮಾತು. ಈ ಸೀಮೆಯ ಪ್ರಾಚೀನರ ವಿವೇಕ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಹೊಸದುರ್ಗ, ಹಿರಿಯೂರು, ಚಳ್ಳಕೆರೆಗಳ ತಗ್ಗಿನ ನೆಲಗಳಲ್ಲಿ ಬೇಸಗೆ ಬಂದರೆ ಚೌಳು ಮೇಲೆದ್ದು ನೆಲಕ್ಕೆ ಬಿಳಿಯ ಪೊರೆ ಕಟ್ಟುತ್ತದೆ. ಸೌಳು ಎಂದೂ ಅದನ್ನು ಕರೆಯುತ್ತಾರೆ. ಅದರ ಸಾರ ಸೋಡಿಯಂ ಕಾರ್ಬೊನೇಟು, ಎಂದರೆ ತೀಕ್ಷ್ಣವಾದ ಕ್ಷಾರ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಈ ಚೌಳಿನಿಂದಲೇ ಗಾಜು ಕರಗಿಸಿ ಬಳೆಗಳನ್ನು ಮಾಡುತ್ತಿದ್ದರು; ಬುಕಾನನನು ಆ ಊರಿಗೆ ಬಂದು ಆ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮಡಿವಾಳರು ಅದೇ ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಗಳನ್ನದ್ದಿ, ಉಬ್ಬೆಗೆ ಹಾಕಿ ಹೊಲಸು ಬಿಡಿಸುತ್ತಿದ್ದರು. ಕಾಸು ಖರ್ಚಿಲ್ಲದೆ ಕಾಲಕೆಳಗೆ ಬಿದ್ದಿರುವ ದ್ರವ್ಯ, ಜಿಡ್ಡನ್ನು ಕ್ಷಣದಲ್ಲಿ ಕಡಿಯುವ ದ್ರವ್ಯ. ಆದರೂ ಮೈತೊಳೆಯಲು ಅದನ್ನು ಯಾರೂ ರೂಢಿಮಾಡಲಿಲ್ಲ. ಬಟ್ಟೆಗೆ ಚೌಳು ಮತ್ತು ಬೂದಿ. ಮೈಗೆ ಸೀಗೆ, ಅಂಟುವಾಳ, ಚುಜ್ಜಲು ಮತ್ತು ಹಿಟ್ಟು. ಈ ಗಡಿಯನ್ನು ಅವರು ದಾಟಲಿಲ್ಲ.

ಸೀಗೆಕಾಯಿಯು ಮಲೆನಾಡಿನ ಅಂಚಿನಿಂದ ಸಂತೆಗಳಿಗೆ ಬರುತ್ತಿತ್ತು. ಚುಜ್ಜಲು ಮಾತ್ರ ಇಲ್ಲಿಯದೇ. ಜೋಗಿಮಟ್ಟಿಯಂಥ ಒಣಗುಡ್ಡಗಳ ಕುರುಚಲು ಕಾಡಿನಲ್ಲಿ ಕಮರದ ಜೊತೆಗೆ ಬೆಳೆಯುವ ಈ ಮರಕ್ಕೆ ಅರಣ್ಯದವರು ತುಗ್ಗಲಿಯೆಂದೂ ಹೇಳುತ್ತಾರೆ. ಹುಣಸೆಯೆಲೆಗಿಂತ ಸಣ್ಣದಾದ ಅದರ ಎಲೆಗಳನ್ನು ನೆರಳಿನಲ್ಲಿ ಒಣಗಿಸಿ ಕುಟ್ಟಿ ಜರಡಿಯಾಡಿದರೆ ಹಸುರುಪುಡಿಯಾಗುತ್ತದೆ. ಚಿಗರೆಪುಡಿಯೆಂಬ ಹೆಸರಿನಿಂದಲೂ ಅದು ಮಾರಾಟವಾಗುತ್ತದೆ. ನೀರಿನಲ್ಲಿ ಕಲಸಿದರೆ ಲೋಳೆಯಂಥ ನೊರೆಯೆದ್ದು, ಎಣ್ಣೆಯನ್ನು ತೆಗೆದೂ ಕೂದಲನ್ನು ಒರಟುಮಾಡದೆ ಬಿಡುತ್ತದೆ. ಸೀಗೆಯ ನೊರೆ ಕಣ್ಣಿಗೆ ಹೋದರೆ ಉರಿ ತಡೆಯಲಾಗದು. ಚುಜ್ಜಲು ಅಷ್ಟು ಕಾಡದು, ಆದ್ದರಿಂದ ಮಕ್ಕಳ ತಲೆಗೆ ಅದೇ ಮೇಲೆಂದು ಬಗೆದಿದ್ದರು. ಇವೆಲ್ಲದರಲ್ಲಿಯೂ ಕೆಲಸಮಾಡುವುದು ಸಪೋನಿನ್ ಎಂಬ ಸಸ್ಯದ್ರವ್ಯ. ಅದರ ಅಣುವಿನ ಒಂದು ಮಗ್ಗುಲು ನೀರನ್ನೂ ಇನ್ನೊಂದು ಮಗ್ಗುಲು ಜಿಡ್ಡನ್ನೂ ಹಿಡಿಯುವುದರಿಂದ ಎಣ್ಣೆ ನೀರಿನೊಂದಿಗೆ ಹೊರಟುಹೋಗುತ್ತದೆ. ಆದರೆ ಅದಕ್ಕೆ ಕ್ಷಾರಗುಣವಿಲ್ಲ.

ಕ್ಷಾರವಿಲ್ಲದಿರುವುದರ ಬೆಲೆಯೇನೆಂಬುದನ್ನು 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಮನುಷ್ಯನ ಚರ್ಮದ ಮೇಲ್ಮೈ ಸ್ವಭಾವತಃ ಆಮ್ಲಗುಣವುಳ್ಳದ್ದು, ಆ ಆಮ್ಲದ ಹೊದಿಕೆಯೇ ಅದರ ರಕ್ಷಣೆಯ ಒಂದು ಮುಖ್ಯ ಸಾಧನವೆಂಬುದು ಅವರ ಸಿದ್ಧಾಂತ. ಆಮ್ಲಕ್ಷಾರಗಳ ಅಳತೆಯಾದ ಪಿಎಚ್ ಚರ್ಮದಲ್ಲಿ ಸುಮಾರು 5. ಕ್ಷಾರ ಮತ್ತು ಕೊಬ್ಬುಗಳಿಂದಾದ ಮಾಮೂಲು ಸೋಪಿನ ನೊರೆಯದು 9ರಿಂದ 10. ಪ್ರತಿ ಸ್ನಾನದಲ್ಲಿಯೂ ಸೋಪು ಆ ಹೊದಿಕೆಯನ್ನು ಕಿತ್ತೆಸೆಯುತ್ತದೆ. ಆರೋಗ್ಯವಾದ ಚರ್ಮ ಕೆಲವು ಗಂಟೆಗಳಲ್ಲಿ ಅದನ್ನು ಮತ್ತೆ ನೇಯ್ದುಕೊಳ್ಳುತ್ತದೆ, ಒಣಚರ್ಮಕ್ಕೂ ಮುಪ್ಪಿನ ಚರ್ಮಕ್ಕೂ ಅದು ಸುಲಭವಲ್ಲ. ಪಿಎಚ್ ಎಂಬ ಮಾತನ್ನೇ ಕೇಳದ ಮತ್ತೋಡಿನ ಸುತ್ತಣ ಜನರು, ಒಂದೇ ನೆಲದ ಕ್ಷಾರವನ್ನು ಬಳೆಗೆ ಕೊಟ್ಟು, ಬಟ್ಟೆಗೆ ಕೊಟ್ಟು, ಮೈಗೆ ಮಾತ್ರ ಕೊಡದೆ ಇದ್ದದ್ದು ದೀರ್ಘವಾದ ಅನುಭವದ ತೀರ್ಪು. ಮಜ್ಜಿಗೆ ಮೊಸರುಗಳನ್ನು ಹಿಟ್ಟಿಗೆ ಬೆರೆಸಿ ಹಚ್ಚುತ್ತಿದ್ದುದೂ ಇದೇ ದಿಕ್ಕಿನದು. ಹುಳಿಹಾಲಿನಿಂದ 1780ರಲ್ಲಿ ಸ್ವೀಡನ್ನಿನ ಷೀಲೆ ಬೇರ್ಪಡಿಸಿದ ಲ್ಯಾಕ್ಟಿಕ್ ಆಮ್ಲವು ಸತ್ತ ಚರ್ಮಕಣಗಳ ಅಂಟನ್ನು ಸಡಿಲಿಸಿ ಮೇಲ್ಮೈಯನ್ನು ನುಣುಪಾಗಿಸುತ್ತದೆಯೆಂದು, ಇಂದು ಒಣಚರ್ಮದ ಲೇಪಗಳಲ್ಲಿ ಅದನ್ನು ಅಳೆದು ಸೇರಿಸುತ್ತಾರೆ.

ಗ್ರಂಥಗಳ ಸಾಕ್ಷ್ಯ ಇದೆಯೇ ಎಂದು ಕೇಳುವವರಿಗೆ ಎರಡು ಹೆಸರುಗಳನ್ನು ಹೇಳಬಹುದು. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿಗೆ ರಚಿಸಿದ ಕನ್ನಡದ ಲೋಕೋಪಕಾರದಲ್ಲಿ ಜಲಶೋಧನೆ, ವೃಕ್ಷಾಯುರ್ವೇದ, ಪಾಕ, ವೈದ್ಯಗಳೊಡನೆ ಸುಗಂಧದ್ರವ್ಯಗಳ ಪ್ರಕರಣವೂ ಸೇರಿದೆ. ಶತಮಾನ ಕಳೆದ ಮೇಲೆ ಅದೇ ವಂಶದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಹುಟ್ಟಿದ ಸಂಸ್ಕೃತದ ಮಾನಸೋಲ್ಲಾಸವು ಸ್ನಾನವನ್ನೂ ವಿಲೇಪನವನ್ನೂ ರಾಜಭೋಗಗಳಲ್ಲಿ ಎಣಿಸಿ, ಪರಿಮಳದ ತೈಲದಿಂದ ಅಭ್ಯಂಗವನ್ನೂ ಚೂರ್ಣಗಳಿಂದ ಉದ್ವರ್ತನವನ್ನೂ ವಿಧಿಸುತ್ತದೆ. ಆದರೆ ಅರಸನ ಭೋಗಕ್ಕೂ ಒಕ್ಕಲಿನ ಬಚ್ಚಲಿಗೂ ನಡುವಣ ಅಂತರ ಪರಿಮಳದ್ದು, ತತ್ತ್ವದ್ದಲ್ಲ. ಮೊದಲು ಸ್ನೇಹ, ಅನಂತರ ಚೂರ್ಣ, ಕಡೆಗೆ ಬಿಸಿನೀರು ಎಂಬ ಅನುಕ್ರಮ ಎರಡೆಡೆಯಲ್ಲಿಯೂ ಒಂದೇ.

ಗುಣವುಳ್ಳ ದ್ರವ್ಯಗಳಲ್ಲಿ ಅರಿಶಿನಕ್ಕೆ ಮೊದಲ ಸ್ಥಾನ. ಅದರ ಹಳದಿಯ ಸಾರವನ್ನು ಫ್ರಾನ್ಸಿನಲ್ಲಿ ಫೋಗಲ್ ಮತ್ತು ಪೆಲ್ಲೆಟಿಯೆ 1815ರಲ್ಲಿ ಬೇರ್ಪಡಿಸಿದರು. ಕರ್ಕ್ಯುಮಿನ್ ಎಂದು ಹೆಸರಾದ ಅದಕ್ಕೆ ಉರಿಯೂತವನ್ನು ಶಮನಗೊಳಿಸುವ ಗುಣವಿರುವುದನ್ನು ಮುಂದಿನ ಸಂಶೋಧಕರು ಕಂಡುಕೊಂಡರು. ಗಾಯಕ್ಕೆ ಅರಿಶಿನ ಹಚ್ಚುವುದನ್ನು ತಮ್ಮ ಹೊಸ ಶೋಧವೆಂದು ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೇಂದ್ರವು 1995ರಲ್ಲಿ ಪಡೆದ ಹಕ್ಕುಪತ್ರವನ್ನು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿಯು ಹಳೆಯ ಗ್ರಂಥಗಳ ಆಧಾರಗಳನ್ನೊಡ್ಡಿ ಪ್ರಶ್ನಿಸಿ 1997ರಲ್ಲಿ ರದ್ದುಮಾಡಿಸಿತು. ಬೇವಿನ ಕಹಿಯ ಅಂಶಗಳನ್ನು 1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಬಿಡಿಸಿ, ನಿಂಬಿನ್ ಮುಂತಾದ ಹೆಸರುಗಳನ್ನಿತ್ತರು. ಸಿಡುಬು, ಅಮ್ಮ, ಗಾದರಿಗಳಲ್ಲಿ ಬೇವಿನ ಸೊಪ್ಪನ್ನು ನೀರಿಗೆ ಹಾಕಿ ಎರೆಯುತ್ತಿದ್ದ ನಮ್ಮವರಿಗೆ ಹೆಸರು ಬೇಕಿರಲಿಲ್ಲ. ಹುಣಸೆಬೀಜದ ಸರಿಯ ಕಥೆಯೂ ಸ್ವಾರಸ್ಯವಾದದ್ದು: ಚಳ್ಳಕೆರೆಯ ಕಡೆಯ ಕಂಬಳಿ ನೇಯುವವರು ನೂಲಿಗೆ ಬಿಗಿಕೊಡಲು ಬೇಯಿಸಿ ಹಚ್ಚುವ ಆ ಸರಿಯ ದ್ರವ್ಯವು ನೀರನ್ನು ಹಿಡಿದಿಡುವುದೆಂಬ ಕಾರಣದಿಂದ, ಇಂದು ಒಣಗಿದ ಕಣ್ಣಿನ ಹನಿಮದ್ದಿಗೂ ತ್ವಚೆಯ ಲೇಪಗಳಿಗೂ ಪ್ರವೇಶಿಸಿದೆ.

ಬಾವಂಚಿಗೆಯ ಚರಿತ್ರೆಯನ್ನು ಇನ್ನೂ ವಿಸ್ತಾರವಾಗಿ ಹೇಳುವುದು ಯುಕ್ತ. ದಖ್ಖಣದ ಒಣಹೊಲಗಳ ಬದುಗಳಲ್ಲಿ ಕಳೆಯಂತೆ ಹುಟ್ಟಿ, ನೇರಳೆಯ ಸಣ್ಣ ಹೂಬಿಟ್ಟು, ಕಪ್ಪಾದ ಘಮಘಮಿಸುವ ಬೀಜ ಕಟ್ಟುವ ಈ ಗಿಡವನ್ನು ಸಂಸ್ಕೃತದ ವೈದ್ಯರು ಬಾಕುಚಿಯೆಂದು ಕರೆದು ತೊನ್ನಿನ ಔಷಧಗಳಲ್ಲಿ ಪ್ರಧಾನವಾಗಿ ಪರಿಗಣಿಸಿದರು. ಬೀಜವನ್ನು ಅರೆದು ಬಿಳಿಯ ಕಲೆಗಳಿಗೆ ಹಚ್ಚಿ ಎಳೆಬಿಸಿಲಿಗೆ ಕೂರಿಸುವುದು ಆ ಚಿಕಿತ್ಸೆ. ಬೀಜದಲ್ಲಿರುವ ಸೋರಾಲೆನ್ ಎಂಬ ವಸ್ತು ಬಿಸಿಲಿನ ಅತಿನೇರಳೆ ಕಿರಣಗಳೊಡನೆ ಕೂಡಿ ಚರ್ಮದ ವರ್ಣೋತ್ಪತ್ತಿಯನ್ನು ಕೆರಳಿಸುತ್ತದೆಯೆಂದು ಈಗ ತಿಳಿದಿದೆ. ಪ್ರಮಾಣ ತಪ್ಪಿದರೆ ಅದೇ ವಸ್ತು ಬೊಬ್ಬೆಯೆಬ್ಬಿಸಿ ಸುಡುತ್ತದೆ. ಅದೇ ಬೀಜದಿಂದ 1966ರಲ್ಲಿ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಮೆಹ್ತಾ, ನಾಯಕ್ ಮತ್ತು ಸುಖದೇವ್ ಅವರು ಬಾಕುಚಿಯಾಲ್ ಎಂಬ ಇನ್ನೊಂದು ದ್ರವ್ಯವನ್ನು ಬೇರ್ಪಡಿಸಿದರು. ಕೆಲವು ದಶಕಗಳವರೆಗೆ ಅದು ಹೆಚ್ಚಾಗಿ ರಸಾಯನಶಾಸ್ತ್ರದ ಪತ್ರಿಕೆಗಳೊಳಗೆ ಉಳಿಯಿತು. ಬಳಿಕ 2019ರಲ್ಲಿ ಬ್ರಿಟನ್ನಿನ ಚರ್ಮಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಯೋಗವೊಂದು, 44 ಜನರ ಮೇಲೆ 12 ವಾರ ಇದನ್ನು ಸುಕ್ಕಿಗೆ ಹಚ್ಚುವ ರೆಟಿನಾಲಿನ ಎದುರಿಗಿಟ್ಟು ಪರೀಕ್ಷಿಸಿ, ಸುಕ್ಕನ್ನೂ ಕಪ್ಪುಕಲೆಯನ್ನೂ ತಗ್ಗಿಸುವುದರಲ್ಲಿ ಎರಡೂ ಸಮವೆಂದೂ, ಹೊಪ್ಪಳಿಕೆ ಉರಿತಗಳು ರೆಟಿನಾಲು ಹಚ್ಚಿದವರಲ್ಲಿ ಹೆಚ್ಚೆಂದೂ ವರದಿಮಾಡಿತು. ಇಂದು ಪಟ್ಟಣದ ಅಂಗಡಿಯ ಗಾಜಿನ ಸೀಸೆಗಳ ಮೇಲೆ ಅದರ ಹೆಸರು ಮೆರೆಯುತ್ತಿದೆ. ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯಕ: ಶುದ್ಧಿಗೊಳಿಸಿದ ಬಾಕುಚಿಯಾಲ್ ಬೇರೆ, ಹೊಲದ ಬದುವಿನ ಬಾವಂಚಿಗೆಯ ಬೀಜ ಬೇರೆ, ಒಂದರ ಹೊಗಳಿಕೆಯನ್ನು ಕೇಳಿ ಇನ್ನೊಂದನ್ನು ಅರೆದು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದವರಿಗೆ ಸುಟ್ಟಗಾಯವೇ ಫಲ.

ಇನ್ನು ಗಂಧದ ಮರ. ಟಿಪ್ಪುವು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ ಮೈಸೂರಿನಲ್ಲಿ ಅದು ಸರಕಾರದ ಸ್ವತ್ತಾಯಿತು. ಪ್ರಜೆಗೆ ಉಳಿದದ್ದು ದೇವರ ಮನೆಯ ಕೊರಡಿನ ತುಂಡು, ಸಾಣೆಕಲ್ಲು. ಬೆವರುಸಾಲೆಗೂ ಮೊಡವೆಯ ಉರಿಗೂ ಆ ತೇಯ್ದ ಗಂಧವೇ ಸಾಕಾಗುತ್ತಿತ್ತು, ಅದರಲ್ಲಿ ಸ್ಯಾಂಟಲಾಲುಗಳೆಂಬ ತೈಲಾಂಶಗಳಿರುತ್ತಿದ್ದವು. ಮೈಸೂರಿನ ಗಂಧವು ಬಟ್ಟಿಯಿಳಿಸುವುದಕ್ಕಾಗಿ ಜರ್ಮನಿಗೆ ಹೋಗುತ್ತಿತ್ತು. 1914ರ ಮಹಾಯುದ್ಧದಿಂದ ಆ ದಾರಿ ಮುಚ್ಚಿ ಕೊರಡುಗಳು ಗೋದಾಮುಗಳಲ್ಲಿ ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆಸಿದರು. ಭಾರತೀಯ ವಿಜ್ಞಾನ ಮಂದಿರದ ಸಡ್‌ಬರೊ ಮತ್ತು ವಾಟ್ಸನ್ ಆ ಎಣ್ಣೆಯ ಬಟ್ಟಿಯಿಳಿಸುವಿಕೆಗೆ ನೆರವಾದರು. ಇಂಗ್ಲೆಂಡಿನಲ್ಲಿ ಸೋಪಿನ ತಂತ್ರವನ್ನು ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಶ್ರಮದಿಂದ 1918ರಲ್ಲಿ ಮೈಸೂರು ಗಂಧದ ಸೋಪು ಹೊರಬಂತು. ಕನ್ನಡನಾಡಿನ ಕೈಗಾರಿಕೆಯ ಚರಿತ್ರೆಯಲ್ಲಿ ಅದು ಹೆಮ್ಮೆಪಡತಕ್ಕ ಸಾಹಸ. ಯುದ್ಧದ ಸಂಕಟವನ್ನೇ ಸ್ವಾವಲಂಬನೆಯನ್ನಾಗಿ ಮಾರ್ಪಡಿಸಿದ ಆ ಜನರ ಧೀಮಂತಿಕೆಗೆ ತಲೆಬಾಗಬೇಕು.

ಸೋಪು ಸಂತೆಗೆ ಬಂದುದರಿಂದ ಆದ ಉಪಕಾರವನ್ನೂ ಮರೆಯಕೂಡದು. ಕೈತೊಳೆಯುವ ಅಭ್ಯಾಸದಿಂದ ಎಷ್ಟೋ ಅಂಟುರೋಗಗಳು ದೂರವಾದವು. ಒರಳು, ಒನಕೆ, ಜರಡಿಗಳ ದುಡಿಮೆಯಿಂದ ಹೆಂಗಸರ ತೋಳುಗಳಿಗೆ ಬಿಡುಗಡೆ ಸಿಕ್ಕಿತು. ಆದರೆ ಬಟ್ಟೆಗೂ ಮೈಗೂ ಇದ್ದ ಹಳೆಯ ಗಡಿ ಅಳಿಸಿಹೋಯಿತು. ಕ್ಷಾರದಿಂದ ಹುಟ್ಟಿದ ವಸ್ತು, ಪರಿಮಳವನ್ನು ಹೊದ್ದು, ಬಚ್ಚಲಿನೊಳಕ್ಕೆ ಬಂದು, ಮೊದಲಿನ ಎಣ್ಣೆಯ ಮೆಟ್ಟಿಲನ್ನೇ ತೆಗೆದುಹಾಕಿತು. ಅಭ್ಯಂಜನವಿದ್ದ ಕಾಲದಲ್ಲಿ ಸೀಗೆಯ ಬದಲು ಸೋಪನ್ನು ಬಳಸಿದ್ದರೂ ಅಷ್ಟು ಹಾನಿಯಿರುತ್ತಿರಲಿಲ್ಲ. ಎಣ್ಣೆಯನ್ನು ಬಿಟ್ಟು ಸೋಪನ್ನು ಮಾತ್ರ ಹಿಡಿದದ್ದು ಈ ಒಣಸೀಮೆಗೆ ಒಪ್ಪದ ಬದಲಾವಣೆ. ಮಳೆಯ ದೇಶಗಳಲ್ಲಿ ಹುಟ್ಟಿದ ಸ್ನಾನದ ಕ್ರಮವನ್ನು ಬಯಲುಸೀಮೆಯ ಮೈಗೆ ಅಳತೆ ನೋಡದೆ ತೊಡಿಸಿದ ಮೇಲೆ, ಕಳಕೊಂಡ ಜಿಡ್ಡನ್ನು ಮತ್ತೆ ಹಚ್ಚಿಕೊಳ್ಳಲು ಲೇಪದ ಡಬ್ಬಿಯನ್ನು ಕೊಳ್ಳಬೇಕಾಯಿತು. ಆ ಡಬ್ಬಿಯಲ್ಲಿ ಹರಳು, ತೆಂಗು, ಬೇವು, ಅರಿಶಿನ, ಬಾಕುಚಿಗಳ ಸಾರವೇ ಇರುತ್ತದೆ.

ನೈಸರ್ಗಿಕವಾದುದೆಲ್ಲ ನಿರಪಾಯವೆಂಬ ಈಗಿನ ಜಾಹೀರಾತಿನ ಮಾತನ್ನು ನಾನು ಅನುಮೋದಿಸಲಾರೆ. ರಿಸಿನ್ ಮತ್ತು ಸೋರಾಲೆನ್‌ಗಳು ನಿಸರ್ಗದ ಮಕ್ಕಳೇ. ಪ್ರಾಚೀನರ ಹಿರಿಮೆ ಗಿಡವನ್ನು ಕಂಡುಹಿಡಿದುದರಲ್ಲಿ ಮಾತ್ರವಿಲ್ಲ, ಅದನ್ನು ಹುರಿಯುವ, ಕುದಿಸುವ, ನೆರಳಲ್ಲಿ ಒಣಗಿಸುವ, ಇಂಥ ವಯಸ್ಸಿನವರಿಗೆ ಇಷ್ಟೇ ಎಂದು ನಿಲ್ಲಿಸುವ ಹದದಲ್ಲಿದೆ. ಆ ಹದವು ಯಾವ ಪುಸ್ತಕದಲ್ಲಿಯೂ ಪೂರ್ಣವಾಗಿ ಬರೆಯಲ್ಪಟ್ಟಿಲ್ಲ. ಹಿಪ್ಪೆಯ ತೋಪುಗಳು ತೆಳುವಾಗಿವೆ. ಮನೆಯಲ್ಲಿ ಹರಳೆಣ್ಣೆ ಕುದಿಸುವ ಕೈಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗಗಳ ಓದುಗರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಮನೆಯ ಅಜ್ಜಿಯರು ಹರಳನ್ನು ಎಷ್ಟು ಹೊತ್ತು ಹುರಿಯುತ್ತಿದ್ದರು, ಚುಜ್ಜಲಿನ ಎಲೆಯನ್ನು ಯಾವ ತಿಂಗಳಿನಲ್ಲಿ ಕೊಯ್ಯುತ್ತಿದ್ದರು, ಹಸುಗೂಸಿಗೆ ಯಾವ ಹಿಟ್ಟನ್ನು ಎಷ್ಟನೆಯ ದಿನದಿಂದ ಹಚ್ಚುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಅಳತೆಯೊಡನೆ, ಊರಿನ ಹೆಸರಿನೊಡನೆ, ಈ ವರ್ಷವೇ ಬರೆದಿಡಿ.